ಆಟಿಕೆಯ ಬೆನ್ನಿನ ಮುಚ್ಚಳ ಮೊದಲು ನೋಡಿ: ಮಗುವಿನ ಕೈಗೆ ಕೊಡುವ ಮುನ್ನ ಮಾಡಬೇಕಾದ ಪರೀಕ್ಷೆ

ಜಾತ್ರೆಯಲ್ಲಿ ಕೊಂಡ ಮಿನುಗುವ ಬುಗುರಿ, ಒತ್ತಿದರೆ ಹಾಡುವ ಗೊಂಬೆ, ದೀಪಾವಳಿಗೆ ತಂದ ಸೆಲ್ ಹಣತೆ. ಇಂಥವುಗಳ ಹೊಟ್ಟೆಯಲ್ಲಿ ಹೆಚ್ಚಾಗಿ ಇರುವುದು ಬಟನ್ ಸೆಲ್, ಅಂದರೆ ಅಂಗಿಯ ಗುಂಡಿಯಂಥ ಚಪ್ಪಟೆ ಬ್ಯಾಟರಿ. ಕೊಳ್ಳುವಾಗ ಬಣ್ಣ ನೋಡುತ್ತೇವೆ, ಸದ್ದು ಕೇಳುತ್ತೇವೆ. ಹಿಂದಿನ ಮುಚ್ಚಳವನ್ನು ಮಾತ್ರ ಯಾರೂ ನೋಡುವುದಿಲ್ಲ.

ಮೊದಲು ಗುರುತು. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಮುದ್ರೆಯ ಜೊತೆಗೆ ‘ಸಿಎಂ/ಎಲ್’ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಈ ಮುದ್ರೆ ನೀಡುವ ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ವಿವರ ಬರುತ್ತದೆ. ಬಾರದಿದ್ದರೆ ಕೊಳ್ಳಬೇಡಿ. ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ಚನ್ನಪಟ್ಟಣದ ಗೊಂಬೆಗಳನ್ನು, ಆ ಹೆಸರು ಬಳಸಲು ನೋಂದಾಯಿಸಿಕೊಂಡ ತಯಾರಕರು ಮಾಡಿ ಮಾರಿದರೆ ಈ ಕಡ್ಡಾಯದಿಂದ ವಿನಾಯಿತಿ ಇದೆ. ಮುದ್ರೆ ಇಲ್ಲವೆಂದು ಅವನ್ನು ದೂರವಿಡಬೇಕಿಲ್ಲ. ಆದರೆ ಮುಂದಿನ ಅಳತೆ ಅವಕ್ಕೂ ಅನ್ವಯ.

ಮೂರು ವರ್ಷದೊಳಗಿನ ಮಗುವಿಗಾದರೆ ಕೊಳವೆ ಪರೀಕ್ಷೆ ಬೇಕು. ದಪ್ಪ ಕಾಗದವನ್ನು 11 ಸೆಂ.ಮೀ. ಉದ್ದ, 5.7 ಸೆಂ.ಮೀ. ಅಗಲಕ್ಕೆ ಕತ್ತರಿಸಿ, 1 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿದರೆ ಸುಮಾರು 32 ಮಿ.ಮೀ. ಬಾಯಿಯ ಕೊಳವೆ ಸಿಗುತ್ತದೆ. ಆಟಿಕೆಯಾಗಲಿ, ಅದರಿಂದ ಕಳಚುವ ಚಕ್ರ, ಕಣ್ಣು, ಮಣಿಯಾಗಲಿ, ಒತ್ತದೆಯೇ ಪೂರ್ತಿ ಇದರೊಳಗೆ ಇಳಿದರೆ ಉಸಿರುಗಟ್ಟಿಸಬಲ್ಲದು. ಗೊಂಬೆಯ ಕಣ್ಣು, ಮೂಗನ್ನು ಬೆರಳಲ್ಲಿ ಹಿಡಿದು ಹತ್ತು ಸೆಕೆಂಡ್ ಗಟ್ಟಿಯಾಗಿ ಎಳೆದು ನೋಡಿ. ಕಿತ್ತು ಬರುವುದಿದ್ದರೆ ನಿಮ್ಮ ಕೈಯಲ್ಲೇ ಬರಲಿ. ಗೇಣಿಗಿಂತ ಉದ್ದದ ದಾರವನ್ನು ಕತ್ತರಿಸಿ ಹಾಕಿ.

ಈಗ ಮುಚ್ಚಳ. ಎಡವುವುದು ಇಲ್ಲೇ, ಆದ್ದರಿಂದ ಹತ್ತು ನಿಮಿಷ ಕೊಡಿ. ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಉಗುರಿನಿಂದ ಜಾರಿಸಿ ತೆಗೆಯುವ ಮುಚ್ಚಳದ ಆಟಿಕೆ ಚಿಕ್ಕ ಮಕ್ಕಳ ಮನೆಗೆ ಬೇಡ. ಸ್ಕ್ರೂ ಬಿಚ್ಚಿ ಮತ್ತೆ ಬಿಗಿಮಾಡಿ. ಕೊನೆಯ ಸುತ್ತಿನಲ್ಲಿ ಕೈಗೆ ತಡೆ ಸಿಗದೆ ಸುಮ್ಮನೆ ತಿರುಗುತ್ತಿದ್ದರೆ ಸ್ಕ್ರೂ ಹಿಡಿದಿಡುವ ಪ್ಲಾಸ್ಟಿಕ್‌ನ ಸುರುಳಿ ಗೆರೆ ಸವೆದಿದೆ. ಅಗ್ಗದ ಆಟಿಕೆಗಳಲ್ಲಿ ಮೂರ್ನಾಲ್ಕು ಸಲ ಸೆಲ್ ಬದಲಿಸುವಷ್ಟರಲ್ಲೇ ಹೀಗಾಗಬಹುದು. ಬಿಗಿಯಾಗಿದ್ದರೆ ಸೊಂಟದ ಎತ್ತರದಿಂದ ಸಿಮೆಂಟ್ ನೆಲಕ್ಕೆ ನಾಲ್ಕೈದು ಸಲ ಬೀಳಿಸಿ. ಒಮ್ಮೆಯಾದರೂ ಮೂಲೆಯ ಮೇಲೆ ಬೀಳಬೇಕು. ಬಳಿಕ ಮುಚ್ಚಳದ ಅಂಚಿಗೆ ಉಗುರು ತೂರಿಸಿ. ಸಂದು ಬಿಟ್ಟಿದ್ದರೆ ಸೆಲ್ ತೆಗೆದು, ಸೆಲ್ ಇಲ್ಲದ ಆಟಿಕೆಯಾಗಿಯೇ ಕೊಡಿ. ಸ್ಕ್ರೂ ಕಳೆದುಹೋದ ಕಡೆ ಸೆಲ್ಲೋಟೇಪ್ ಸುತ್ತುವುದು ತುಂಬಾ ಮನೆಗಳಲ್ಲಿ ಕಾಣುವ ತಪ್ಪು. ಟೇಪ್ ಸುಲಿಯುವುದು ಮಗುವಿಗೆ ಇನ್ನೊಂದು ಆಟ, ಅಷ್ಟೆ.

ಇಷ್ಟು ಕಟ್ಟುನಿಟ್ಟು ಏಕೆಂದರೆ, 20 ಮಿ.ಮೀ. ಅಗಲದ 3 ವೋಲ್ಟ್ ಲಿಥಿಯಂ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಒದ್ದೆ ಗೋಡೆ ತಾಗಿದೊಡನೆ ವಿದ್ಯುತ್ ಹರಿದು, ಋಣ ಧ್ರುವದ ಬದಿಯಲ್ಲಿ ಕ್ಷಾರ ಹುಟ್ಟಿ, ಎರಡೇ ಗಂಟೆಯಲ್ಲಿ ಆಳವಾಗಿ ಸುಡಬಲ್ಲದು. ‘ಸತ್ತ’ ಸೆಲ್ಲಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಹಳೆಯದನ್ನು ಮೇಜಿನ ಮೇಲಿಡದೆ, ಎರಡೂ ಬದಿಗೆ ಟೇಪ್ ಹಚ್ಚಿ ಇ-ತ್ಯಾಜ್ಯಕ್ಕೆ ಹಾಕಿ.

ನುಂಗಿದ ಅನುಮಾನ ಬಂದರೂ ಸಾಕು, ಹೊರಡಿ. ಜೊಲ್ಲು, ಕೆಮ್ಮು, ಊಟ ಬೇಡವೆನ್ನುವುದು ನೆಗಡಿಯಂತೆಯೇ ಕಾಣುತ್ತದೆ. ಕೆಲವು ಮಕ್ಕಳಲ್ಲಿ ಅದೂ ಇರುವುದಿಲ್ಲ. ಬಾಳೆಹಣ್ಣು ತಿನ್ನಿಸಿ ಮಲದಲ್ಲಿ ಬರಲೆಂದು ಕಾಯಬೇಡಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಎರಡೂ ಇರುವ ಆಸ್ಪತ್ರೆಗೇ ಹೋಗಿ, ವಾಹನ ಇಲ್ಲದಿದ್ದರೆ 108. ಒಂದು ವರ್ಷ ತುಂಬಿದ ಮಗು ನುಂಗಬಲ್ಲದಾದರೆ, ನುಂಗಿ 12 ಗಂಟೆ ದಾಟಿಲ್ಲವಾದರೆ, ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ, ಅಂದರೆ 10 ಮಿ.ಲೀ. ಜೇನುತುಪ್ಪ ಕೊಡುತ್ತಾ ಹೋಗಬಹುದು. ಆರು ಸಲಕ್ಕೆ ಮೀರಬಾರದು. ಅದು ಸುಡುವುದನ್ನು ನಿಧಾನಿಸುತ್ತದೆ, ಅಷ್ಟೆ. ಜೇನಿಗಾಗಿ ಅಂಗಡಿ ಹುಡುಕುತ್ತಾ ನಿಲ್ಲಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು. ಬೇರೆ ಊಟ, ನೀರು ಯಾರಿಗೂ ಬೇಡ, ಅರಿವಳಿಕೆ ಕೊಡಬೇಕಾಗಬಹುದು. ಮೂಗಿಗೆ ತೂರಿಸಿಕೊಂಡಿದ್ದರೆ ಎಣ್ಣೆ, ಹನಿ ಔಷಧ ಯಾವುದನ್ನೂ ಬಿಡಬೇಡಿ.

ವೈದ್ಯರಿಗೆ ಮೊದಲ ಮಾತಲ್ಲೇ ‘ಬಟನ್ ಸೆಲ್ ಇರಬಹುದು’ ಎಂದು ಹೇಳಿ. ಎಕ್ಸ್‌ರೇಯಲ್ಲಿ ಅದು ನಾಣ್ಯದಂತೆ ಕಾಣುತ್ತದೆ. ಅಂಚಿನಲ್ಲಿ ಎರಡು ಉಂಗುರ ಕಂಡರೆ ಸೆಲ್. ಅಂಥದ್ದೇ ಇನ್ನೊಂದು ಸೆಲ್ ಅಥವಾ ಅದರ ಪೊಟ್ಟಣವಿದ್ದರೆ ಜೊತೆಗೊಯ್ಯಿರಿ. ಆಯಸ್ಕಾಂತದ ಚಿಕ್ಕ ಗುಂಡುಗಳು ಒಂದಕ್ಕಿಂತ ಹೆಚ್ಚು ಹೊಟ್ಟೆ ಸೇರಿದರೂ ಇದೇ ಅವಸರ, ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಸುಕಿ ತೂತು ಮಾಡುತ್ತವೆ. ನೀರಲ್ಲಿ ಊದುವ ಬಣ್ಣದ ಮಣಿಗಳಂತೂ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಪುಟ್ಟ ಮಕ್ಕಳಿರುವ ಮನೆಗೆ ತರಲೇಬೇಡಿ.

ಸೆಲ್ ಹೊರಬಂದ ಮೇಲೂ ಸುಟ್ಟ ಜಾಗ ಒಳಗೊಳಗೇ ಸವೆಯುತ್ತಾ ವಾರಗಳ ನಂತರ ರಕ್ತನಾಳದವರೆಗೆ ತೂತಾಗಬಹುದು. ಮನೆಗೆ ಬಂದ ಮಗು ಒಂದು ಚೂರು ರಕ್ತ ವಾಂತಿ ಮಾಡಿದರೂ, ಮಲ ಡಾಂಬರಿನಂತೆ ಕಪ್ಪಾದರೂ, ರಾತ್ರಿಯಾಗಿದ್ದರೂ ಅದೇ ಆಸ್ಪತ್ರೆಗೆ ಮರಳಿ ಒಯ್ಯಿರಿ.