ಏಳರ ಮಗ್ಗಿಗೆ ರೂಪಕ ತಾಳ: ನನ್ನ ಅನುಭವ

"ತಬಲಾ ಬಡಿದ್ರ ಗಣಿತ ಬರ್ತೈತೇನ್ರೀ ಸರ?" ಅಂತ ಸ್ಟಾಫ್ ರೂಮಲ್ಲಿ ನಕ್ಕವರಿಗಾಗಿ ಇದನ್ನು ಬರೀತಿದ್ದೀನಿ. ನಮ್ಮ ನಾಲ್ಕನೇ ತರಗತಿಯ ಮುಕ್ಕಾಲು ಮಕ್ಕಳಿಗೆ ಈಗ ಏಳರ ಮಗ್ಗಿ ಬಾಯಲ್ಲಿದೆ.

ನಮ್ಮದು ರಾಯಚೂರು ಜಿಲ್ಲೆ, ಮಾನ್ವಿ ಕಡೆಯ ಹಳ್ಳಿ ಶಾಲೆ. ಹತ್ತಿ ಬಿಡಿಸೋ ಕಾಲಕ್ಕೆ ಅರ್ಧ ತರಗತಿ ಹೊಲದಲ್ಲಿರುತ್ತೆ. ವಾಪಸ್ ಬರುವಷ್ಟರಲ್ಲಿ ಮಗ್ಗಿ ಮರೆತು ಹೋಗಿರುತ್ತೆ.

ಮೊದಲು ಬ್ಲೂಟೂತ್ ಸ್ಪೀಕರ್ ತಂದೆ, ಸಾವಿರದ ಐನೂರರ ಆಸುಪಾಸು. ಮಗ್ಗಿ ಹಾಡು ಹಾಕಿದರೆ ಮಕ್ಕಳು ಕುಣಿದರು. ಹಾಡು ನಿಂತರೆ ಮಗ್ಗಿಯೂ ನಿಂತಿತು. ಆಮೇಲೆ ಹಳೇ ಹಾರ್ಮೋನಿಯಂ. ಏಳೆಂಟು ಸಾವಿರ, ನನ್ನ ಜೇಬಿಂದಲೇ. ಬೇಸಿಗೆ ರಜೆಯಲ್ಲಿ ಇಲಿ ತಿದಿಯನ್ನೇ ಕಡಿದು ಹಾಕಿತು, ರಿಪೇರಿಗೆ ಮತ್ತೆ ಎರಡು ಸಾವಿರ. ಭಜನೆಯವರ ಹಾಗೆ ಕಪ್ಪು ಒಂದರಲ್ಲಿ (ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಿಡಿದರೆ ಮಕ್ಕಳು ಮೇಲಿನ ಷಡ್ಜಕ್ಕೆ, ಅಂದರೆ ಎತ್ತರದ 'ಸ'ಗೆ, ಕಿರುಚುತ್ತಿದ್ದರು. ಕೆಳಗಿನ ಕಪ್ಪು ನಾಲ್ಕಕ್ಕೆ ಇಳಿಸಿದೆ, ದನಿ ಸರಿಹೋಯ್ತು. ಮಗ್ಗಿ ಸರಿಹೋಗಲಿಲ್ಲ. ಏಳಾರಲಿ ಎಷ್ಟು ಅಂದರೆ ಮೊದಲಿಂದ ಹಾಡಿಕೊಂಡೇ ಬರಬೇಕು!

ಹಾಡು ಬಿಟ್ಟೆ, ತಾಳ ಹಿಡಿದೆ. ಹಿಂದುಸ್ತಾನಿ ತಬಲಾ ತಾಳಗಳಲ್ಲಿ ಒಂದು ಸುತ್ತಿಗೆ ಇಷ್ಟು ಎಣಿಕೆ ಅಂತಿರುತ್ತೆ, ಮಗ್ಗಿಗೆ ಅದನ್ನೇ ಹೊಂದಿಸಿದೆ: ಆರಕ್ಕೆ ದಾದ್ರಾ, ಏಳಕ್ಕೆ ರೂಪಕ, ಎಂಟಕ್ಕೆ ಕೆಹರ್ವಾ, ಹತ್ತಕ್ಕೆ ಝಪ್‌ತಾಲ್. ಮಾತ್ರೆಗಳನ್ನು, ಅಂದರೆ ಈ ಎಣಿಕೆಗಳನ್ನು, ಮನಸ್ಸಲ್ಲೇ ಎಣಿಸಬೇಕು. ಆವರ್ತನದ (ಒಂದು ಸುತ್ತಿನ) ಕೊನೇ ಮಾತ್ರೆಗೆ ಮಾತ್ರ ಬಾಯಿ ಬಿಡಬೇಕು: ಏಳು, ಹದಿನಾಲ್ಕು, ಇಪ್ಪತ್ತೊಂದು. ನಡುವೆ ತಟ್ಟನೆ ನಿಲ್ಲಿಸಿ "ಎಷ್ಟನೇ ಆವರ್ತನ?" ಅಂತೀನಿ. ಆರನೇದು ಅಂದವರ ಬಾಯಲ್ಲಿ ನಲವತ್ತೆರಡು ಆಗಲೇ ಇರುತ್ತೆ.

ತೊಡಕು ಕೊಟ್ಟಿದ್ದು ರೂಪಕವೇ. ಅದರ ಸಮವೇ, ಅಂದರೆ ಮೊದಲ ಮಾತ್ರೆಯೇ, ಖಾಲಿ (ಚಪ್ಪಾಳೆ ಇಲ್ಲದ್ದು) ಅಲ್ವಾ? ಒಂದಕ್ಕೆ ಕೈ ಬೀಸಬೇಕು, ಚಪ್ಪಾಳೆ ನಾಲ್ಕಕ್ಕೆ ಮತ್ತು ಆರಕ್ಕೆ. ಮಕ್ಕಳು ಒಂದಕ್ಕೇ ತಟ್ಟಿಬಿಡ್ತಾರೆ. ಇದೊಂದು ಕೂರೋಕೆ ವಾರಗಟ್ಟಲೆ ಹಿಡೀತು. ಬೀಸೋ ಕೈಯಲ್ಲಿ ಕರವಸ್ತ್ರ ಕೊಟ್ಟ ಮೇಲೆ ಬೇಗ ಕೂತಿತು.

ಮಧ್ಯೆ ಕಾಗುಣಿತಕ್ಕೂ ಕೈ ಹಾಕಿದೆ. ಕ ಒಂದು ಮಾತ್ರೆ, ಕಾ ಎರಡು. ಬರೆಯುವಾಗ ದೀರ್ಘ ಬಿಡೋದು ಸ್ವಲ್ಪ ಕಡಿಮೆಯಾಯ್ತು. ಒತ್ತಕ್ಷರಕ್ಕೆ ಏನೂ ಉಪಯೋಗ ಆಗಲಿಲ್ಲ, ಬಿಟ್ಟೆ.

ಈಗ ಹೊಲದಿಂದ ವಾಪಸ್ ಬಂದವರೂ ಎರಡು ಮೂರು ದಿನಕ್ಕೆ ತಾಳಕ್ಕೆ ಸೇರ್ತಾರೆ. ಟೆಸ್ಟಲ್ಲಿ ಎಲ್ಲರೂ ತೊಡೆ ಮೇಲೆ ಬೆರಳಾಡಿಸ್ತಾರೆ. ತಪಾಸಣೆಗೆ ಬಂದವರೊಬ್ಬರು ಕಾಪಿ ಸನ್ನೆ ಅಂದುಕೊಂಡು ಒಬ್ಬ ಹುಡುಗನ ಕೈ ಹಿಡಿದೇಬಿಟ್ಟಿದ್ದರು.

ನಮ್ಮ ಭಜನೆಯವರು ಬಾರಿಸೋ ತಾಳಗಳಲ್ಲಿ ಒಂಬತ್ತು ಮಾತ್ರೆಯದು ಇಲ್ಲ. ಒಂಬತ್ತರ ಮಗ್ಗಿಗೆ ನಾನೇ ಒಂದು ದಾರಿ ಕಂಡುಕೊಂಡಿದ್ದೀನಿ, ಅದನ್ನ ಇಲ್ಲಿ ಬರೆಯಲ್ಲ. ಬೇಕಾದವರು ಶನಿವಾರ ಬೆಳಗಿನ ಶಾಲೆಗೆ ಬನ್ನಿ. ಬರುವಾಗ ಒಂದು ಡಗ್ಗಾ (ತಬಲಾ ಜೋಡಿಯ ಎಡಗೈ ವಾದ್ಯ) ತನ್ನಿ, ನಮ್ಮದು ಹರಿದಿದೆ.