ಪುಣೆಯ ಹಳೇ ಸಾತ್‌ಬಾರಾ ಓದಿದ್ದು ಹೀಗೆ

ನಮ್ಮ ಪಹಣಿಯೇ ಇಲ್ಲಿನ ಸಾತ್‌ಬಾರಾ. ಆಕಾರ ಎಂದರೆ ಕಂದಾಯ, ಪೋಟ್‌ಖರಾಬ್ ಎಂದರೆ ಉಳುಮೆಗೆ ಬಾರದ ಭಾಗ, ಇವು ತೊಡಕಲ್ಲ. ಸಿಕ್ಕು ಬಿದ್ದದ್ದು ಪಾಲಿನ ಲೆಕ್ಕದಲ್ಲಿ.

ಹೆಸರಿನ ಮುಂದೆ '5 ಆಣೆ 4 ಪೈ' ಎಂದಿದ್ದರೆ ಅದು ಹಣವಲ್ಲ, ಹಿಸ್ಸೆ. ಇಡೀ ಜಮೀನು 1 ರೂಪಾಯಿ, ಅಂದರೆ 16 ಆಣೆ. ಆಣೆಗೆ 12 ಪೈ. ಒಟ್ಟು 192 ಪೈಗಳಲ್ಲಿ 64 ಪೈ, ಸರಿಯಾಗಿ ಮೂರನೇ ಒಂದು ಪಾಲು. ಎಲ್ಲರ ಪಾಲು ಕೂಡಿಸಿದಾಗ 192ಕ್ಕಿಂತ ಕಡಿಮೆ ಬಂದರೆ ಯಾರದೋ ಹೆಸರು ಬಿಟ್ಟುಹೋಗಿರಬಹುದು, ಹುಡುಕಬೇಕು.

'ಅ.ಪಾ.ಕ.' ನಂತರದ ಹೆಸರು ಮಾಲೀಕರದಲ್ಲ, ಅಪ್ರಾಪ್ತರ ಪಾಲಕರದು. 'ಎ.ಕು.ಮ್ಯಾ.' ಇದ್ದರೆ ಆತ ಕೂಡುಕುಟುಂಬದ ಯಜಮಾನ, ಉಳಿದವರಿಗೂ ಹಕ್ಕಿರುತ್ತದೆ. ಇವೆರಡನ್ನು ತಪ್ಪಾಗಿ ಓದಿಯೇ ಎಷ್ಟೋ ಖರೀದಿ ಕೆಡುತ್ತವೆ.

ಇತರ ಹಕ್ಕುಗಳ ಕಾಲಂನಲ್ಲಿ 'ಕೂಳ' ಎಂದರೆ ಗೇಣಿದಾರ. ಅಲ್ಲಿ ಹೆಸರಿದ್ದರೆ 1948ರ ಗೇಣಿ ಕಾಯ್ದೆ ನೋಡದೆ ಮುಂಗಡ ಕೊಡಬೇಡಿ.

ಹೆಸರಿನ ಪಕ್ಕದ ಸಂಖ್ಯೆ ಫೇರ್‌ಫಾರ್‌ನದು, ನಮ್ಮ ಮ್ಯುಟೇಶನ್. ಆ ಸಂಖ್ಯೆಯ ನಮೂನೆ 6ರ (ಫೇರ್‌ಫಾರ್ ಬರೆದಿಡುವ ಪುಸ್ತಕದ) ನಕಲು ತೆಗೆಸಿದರೆ ಹೆಸರು ಏಕೆ ಬದಲಾಯಿತೆಂದು ತಿಳಿಯುತ್ತದೆ. ಆ ನಕಲು ಮರಾಠಿಯ ಹಳೇ ಬರಹವಾದ ಮೋಡಿ ಲಿಪಿಯಲ್ಲಿದ್ದರೆ ಬಲ್ಲವರಿಂದಲೇ ಓದಿಸಿ, ಊಹೆ ಬೇಡ.