ದೊಡ್ಡ ಹೆಸರಿನ ಕಂಪನಿಯ ಕಮ್ಮಿ ಬೆಲೆಯ ಬೇಸ್ ಗಿಟಾರ್: ನಾನು ಆರಿಸಿದ್ದು ಹೀಗೆ

ಬೇಸ್ ನುಡಿಸುವವರಿಗೆಲ್ಲ ಒಂದಲ್ಲ ಒಂದು ಕಂಪನಿಯ ಮೇಲೆ ಕಣ್ಣಿರುತ್ತದೆ. ನನ್ನ ಕಣ್ಣು ಇದ್ದದ್ದು ಸ್ಯಾಡೌಸ್ಕಿ ಮೇಲೆ. ಅವರು ನ್ಯೂಯಾರ್ಕ್‌ನಲ್ಲಿ ಮಾಡುವ ಬೇಸ್ ನನ್ನ ಕೈಗೆ ಎಟುಕುವ ಮಾತೇ ಅಲ್ಲ. ಆದರೆ ಅದೇ ಕಂಪನಿ ಮೆಟ್ರೋಎಕ್ಸ್‌ಪ್ರೆಸ್ ಅಂತ ಕಮ್ಮಿ ಬೆಲೆಯ ಸೀರೀಸ್ ತಂದಿದೆ. ಅಷ್ಟೇ ದುಡ್ಡಿಗೆ ಸಾಮಾನ್ಯ ಕಂಪನಿಯೊಂದರ ಒಳ್ಳೆಯ ಮಾಡೆಲ್ಲೂ ಬರುತ್ತದೆ. ಯಾವುದು ತಗೊಳ್ಳಬೇಕು ಅನ್ನುವುದೇ ನನ್ನ ತಲೆನೋವಾಗಿತ್ತು. ಹೆಸರಿಗೆ ಕೊಡುವ ದುಡ್ಡಿನಲ್ಲಿ ನಿಜವಾಗಿ ಕೈಗೆ ಬರುವುದೇನು ಅಂತ ಮೊದಲು ತಿಳಿದುಕೊಂಡೆ, ಆಮೇಲೆ ಹೋಗಿ ಕೊಂಡೆ.

ರೋಜರ್ ಸ್ಯಾಡೌಸ್ಕಿ ನ್ಯೂಯಾರ್ಕ್‌ನಲ್ಲಿ ವರ್ಕ್‌ಶಾಪ್ ತೆರೆದದ್ದು 1979ರಲ್ಲಿ. ಶುರುವಿನಲ್ಲಿ ಬೇರೆಯವರ ವಾದ್ಯ ರಿಪೇರಿ ಮಾಡುವುದು, ಸುಧಾರಿಸುವುದು ಅವರ ಕೆಲಸ. ಹೆಸರಾಂತ ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸ್‌ಗೆ (ಫೆಂಡರ್ ಕಂಪನಿಯ ಒಂದು ಮಾಡೆಲ್) ಪ್ರಿಆಂಪ್, ಅಂದರೆ ದನಿಯನ್ನು ಏರಿಸಿ ತಿದ್ದುವ ಸರ್ಕ್ಯೂಟ್, ಹಾಕಿಕೊಟ್ಟವರು ಅವರೇ. ಹಳೆಯ ಜಾಝ್ ಬೇಸ್‌ನ ದನಿ ಇಟ್ಟುಕೊಂಡು ಅದರ ಕುಂದುಗಳನ್ನು ತೆಗೆಯುವುದು, ಇದಿಷ್ಟೇ ಅವರ ಇಡೀ ದಾರಿ. 2020ರಿಂದ ಅವರ ಮೆಟ್ರೋಲೈನ್ ಸೀರೀಸ್ ಜರ್ಮನಿಯ ವಾರ್ವಿಕ್ ಕಾರ್ಖಾನೆಯಲ್ಲಿ ತಯಾರಾಗುತ್ತಿದೆ, ಮೆಟ್ರೋಎಕ್ಸ್‌ಪ್ರೆಸ್ ಚೀನಾದಲ್ಲಿ. ಅಂದರೆ ಒಂದೇ ಹೆಸರಿನಡಿ ಮೂರು ದೇಶ, ಮೂರು ಬೆಲೆ.

ಹಾಗಾದರೆ ಮೇಲಿನಿಂದ ಕೆಳಗೆ ಬರುವಾಗ ಏನು ಉಳಿಯುತ್ತದೆ, ಏನು ಉದುರುತ್ತದೆ? ನನಗೆ ತಿಳಿದ ಮಟ್ಟಿಗೆ ವಿನ್ಯಾಸ ಬಹುಪಾಲು ಉಳಿಯುತ್ತದೆ. ಬಾಡಿಯ ಆಕಾರ, ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ) ಕೂರುವ ಜಾಗ, ನೆಕ್ಕಿನ (ಎಡಗೈ ಹಿಡಿಯುವ ಉದ್ದನೆಯ ಭಾಗ) ಅಳತೆ, ಸರ್ಕ್ಯೂಟ್‌ನ ಯೋಚನೆ, ಇವೆಲ್ಲ ಒಮ್ಮೆ ಯೋಚಿಸಿ ಮುಗಿದ ಕೆಲಸಗಳು. ಮರ ಕತ್ತರಿಸುವ ಮಷೀನು ಎಲ್ಲಿದ್ದರೂ ಅದೇ ಅಳತೆಗೆ ಕತ್ತರಿಸುತ್ತದೆ. ಉದುರುವುದು ಕೈಕೆಲಸದ ಹೊತ್ತು. ಫ್ರೆಟ್ಟುಗಳನ್ನು (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗಳು) ಒಂದೇ ಮಟ್ಟಕ್ಕೆ ತಂದು ಅಂಚು ನಯ ಮಾಡುವುದು, ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ) ಗೀರುಗಳನ್ನು ಸರಿಯಾದ ಆಳಕ್ಕೆ ಕೊರೆಯುವುದು, ಹಗುರವಾದ ಮರದ ತುಂಡು ಹುಡುಕುವುದು, ಇದಕ್ಕೆಲ್ಲ ಅನುಭವ ಇರುವ ಮನುಷ್ಯ ಗಂಟೆಗಟ್ಟಲೆ ಕೂರಬೇಕು. ದುಡ್ಡು ಹೋಗುವುದು ಅಲ್ಲಿಗೆ. ನ್ಯೂಯಾರ್ಕ್ ಬೇಸ್‌ಗಳಲ್ಲಿ ಬಾಡಿಯ ಒಳಗೆ ಮರ ಕೊರೆದು ಪೊಳ್ಳು ಮಾಡಿ ತೂಕ ಇಳಿಸುತ್ತಾರೆ, ಕೆಳಗಿನ ಬೆಲೆಯಲ್ಲಿ ಅಂಥದ್ದನ್ನು ನಿರೀಕ್ಷಿಸಬಾರದು.

ಇದರಿಂದ ನನಗೆ ಒಂದು ವಿಷಯ ಖಚಿತವಾಯಿತು. ವಿನ್ಯಾಸ ಇಷ್ಟವಾದ ಮೇಲೆ ಬ್ರೋಷರ್ ಓದುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಒಂದೇ ಮಾಡೆಲ್ಲಿನ ಎರಡು ಬೇಸ್‌ಗಳ ನಡುವೆಯೇ ಜಾಸ್ತಿ ವ್ಯತ್ಯಾಸ ಇರುತ್ತದೆ. ಹಾಗಾಗಿ ಕೈಗೆ ಬಂದ ಆ ಒಂದು ವಾದ್ಯವನ್ನೇ ಪರೀಕ್ಷೆ ಮಾಡಬೇಕು.

ಸ್ಯಾಡೌಸ್ಕಿ ಮೇಲೆ ಮನಸ್ಸಿದ್ದರೂ ಉಳಿದವನ್ನೂ ನೋಡದೆ ಬಿಡಲಿಲ್ಲ. ಸ್ಟರ್ಲಿಂಗ್ ಬೈ ಮ್ಯೂಸಿಕ್ ಮ್ಯಾನ್‌ನ ರೇ4 ನುಡಿಸಿ ನೋಡಿದೆ. 1976ರಲ್ಲಿ ಬಂದ ಸ್ಟಿಂಗ್‌ರೇ ಬೇಸ್‌ನ ಕಮ್ಮಿ ಬೆಲೆಯ ರೂಪ ಇದು. ಒಂದೇ ದೊಡ್ಡ ಹಂಬಕರ್ (ಎರಡು ಸುರುಳಿಯ) ಪಿಕಪ್, ಆಕ್ಟಿವ್ (ಬ್ಯಾಟರಿಯಲ್ಲಿ ನಡೆಯುವ) ಪ್ರಿಆಂಪ್, ಬೆರಳಿಟ್ಟ ಕೂಡಲೇ ಮುಂದೆ ನುಗ್ಗುವ ದನಿ. ಸ್ಲ್ಯಾಪ್ ಮಾಡುವವರಿಗೆ, ಅಂದರೆ ಹೆಬ್ಬೆರಳಿನಿಂದ ತಂತಿ ಬಡಿದು ನುಡಿಸುವವರಿಗೆ, ಹಬ್ಬ. ನನಗೆ ಹಾಡುಗಾರರ ಹಿಂದೆ ಮೆತ್ತಗೆ ಕೂರುವ ದನಿ ಬೇಕಿತ್ತು, ಅದಕ್ಕೆ ಬಿಟ್ಟೆ. ಸ್ಪೆಕ್ಟರ್‌ನ ಪರ್ಫಾರ್ಮರ್ ಕೂಡ ಚೆನ್ನಾಗಿತ್ತು. ನೆಡ್ ಸ್ಟೈನ್‌ಬರ್ಗರ್ ವಿನ್ಯಾಸ ಮಾಡಿದ ಎನ್‌ಎಸ್ ಬಾಡಿಯ ಬಾಗು ಅದರಲ್ಲೂ ಇದೆ, ಹೊಟ್ಟೆಗೆ ಅಂಟಿಕೊಂಡ ಹಾಗೆ ಕೂರುತ್ತದೆ. ಆದರೆ ಮೇಲಿನ ಮಾಡೆಲ್ಲುಗಳಲ್ಲಿ ಬಾಡಿಯುದ್ದಕ್ಕೂ ಹಾಯುವ ನೆಕ್ ಇದ್ದರೆ ಇದರಲ್ಲಿ ಬೋಲ್ಟ್ ಹಾಕಿ ಕೂಡಿಸಿದ ನೆಕ್. ಅದರಿಂದ ವಾದ್ಯ ಕೆಟ್ಟದೇನೂ ಆಗುವುದಿಲ್ಲ, ಆದರೆ ಮೇಲಿನದು ಕೇಳಿ ಆಸೆಪಟ್ಟು ಹೋದವರಿಗೆ ಇದು ಗೊತ್ತಿರಬೇಕು ಅಲ್ವಾ? ಡಿಂಗ್‌ವಾಲ್‌ನ ಕಂಬಷನ್ ಬಗ್ಗೆ ಮಾತ್ರ ತುಂಬಾ ಹೊತ್ತು ಯೋಚಿಸಿದೆ. ಅದರ ಫ್ರೆಟ್ಟುಗಳು ಬೀಸಣಿಗೆ ಬಿಚ್ಚಿದ ಹಾಗೆ ಓರೆಯಾಗಿರುತ್ತವೆ. ಐದು ತಂತಿಯ ಮಾಡೆಲ್ಲಿನಲ್ಲಿ ದಪ್ಪ ಬಿ ತಂತಿಯ ಉದ್ದ 37 ಇಂಚು, ಸಣ್ಣ ಜಿ ತಂತಿಯದ್ದು 34. ಉದ್ದ ಜಾಸ್ತಿಯಾದ್ದರಿಂದ ಬಿ ತಂತಿ ಬಿಗಿಯಾಗಿ, ಸ್ಪಷ್ಟವಾಗಿ ಮಾತಾಡುತ್ತದೆ. ಕೆನಡಾದಲ್ಲಿ ಹುಟ್ಟಿದ ಆ ವಿನ್ಯಾಸ ಚೀನಾದಲ್ಲಿ ತಯಾರಾಗುವ ಕಂಬಷನ್‌ನಲ್ಲೂ ಹಾಗೇ ಇದೆ. ಐದು ತಂತಿ ಬೇಕೇ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಅದೇ.

ನನಗೆ ನಾಲ್ಕು ತಂತಿ ಸಾಕಿತ್ತು. ನಟ್ ಹತ್ತಿರ ನೆಕ್ ಸಣ್ಣದಿರಬೇಕಿತ್ತು. ಜಾಝ್ ಬೇಸ್‌ನಲ್ಲಿ ಅಲ್ಲಿನ ಅಗಲ ಸುಮಾರು 38 ಮಿಲಿಮೀಟರ್, ಫೆಂಡರ್‌ನ ಇನ್ನೊಂದು ಮಾಡೆಲ್ ಪ್ರಿಸಿಷನ್ ಬೇಸ್‌ನಲ್ಲಿ ಸುಮಾರು 41. ಕೇಳಲು ಮೂರೇ ಮಿಲಿಮೀಟರ್, ಗಂಟೆಗಟ್ಟಲೆ ನುಡಿಸುವ ಕೈಗೆ ಅದು ತುಂಬಾ. ಅಲ್ಲಿಗೆ ಜಾಝ್ ಮಾದರಿಯ, 34 ಇಂಚು ತಂತಿಯುದ್ದದ, 21 ಫ್ರೆಟ್ಟಿನ ಮೆಟ್ರೋಎಕ್ಸ್‌ಪ್ರೆಸ್ ಅಂತ ತೀರ್ಮಾನವಾಯಿತು.

ಪರೀಕ್ಷೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ. ನಾನು ಆಂಪ್ಲಿಫೈಯರ್‌ಗೆ ಜೋಡಿಸುವ ಮೊದಲೇ ಅರ್ಧ ಪರೀಕ್ಷೆ ಮುಗಿಸುತ್ತೇನೆ. ಜೋರಾದ ದನಿ ಕಿವಿಗೆ ಬಿದ್ದರೆ ಮನಸ್ಸು ಸೋತುಬಿಡುತ್ತದೆ, ಆಮೇಲೆ ಕುಂದು ಕಾಣುವುದಿಲ್ಲ. ಮೊದಲು ಹೆಡ್‌ಸ್ಟಾಕ್ (ಶ್ರುತಿಯ ಕೀಲಿಗಳಿರುವ ತುದಿ) ಕಡೆಯಿಂದ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕಟ್ಟುವ ಜಾಗ) ಕಡೆಗೆ ಒಂದು ಕಣ್ಣು ಮುಚ್ಚಿ ನೆಕ್ಕಿನ ಗುಂಟ ನೋಡಿ. ಎರಡೂ ಅಂಚು ಒಂದೇ ಥರ ಬಾಗಿರಬೇಕು. ಒಂದು ಅಂಚು ಒಂದು ಥರ, ಇನ್ನೊಂದು ಅಂಚು ಇನ್ನೊಂದು ಥರ ಇದ್ದರೆ ನೆಕ್ ತಿರುಚಿಕೊಂಡಿದೆ ಅಂತ ಅರ್ಥ. ಅದನ್ನು ಟ್ರಸ್ ರಾಡ್ (ನೆಕ್ಕಿನ ಬಾಗು ತಿದ್ದಲು ಅದರೊಳಗೆ ಇಟ್ಟ ಲೋಹದ ಸರಳು) ಸರಿ ಮಾಡುವುದಿಲ್ಲ, ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ. ಆಮೇಲೆ ದಪ್ಪ ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳು, ಎಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್ ಸಂದು ಇದ್ದರೆ ಚೆನ್ನ. ಇದು ಹೆಚ್ಚುಕಮ್ಮಿ ಇದ್ದರೆ ಹೆದರಬೇಕಿಲ್ಲ, ದೂರದ ಪ್ರಯಾಣದಲ್ಲಿ, ಹವೆ ಬದಲಾದಾಗ ನೆಕ್ ಅಲುಗುವುದು ಸಹಜ. ಟ್ರಸ್ ರಾಡ್ ತಿರುಗುತ್ತದಾ, ಅದಕ್ಕೆ ನೆಕ್ ಸ್ಪಂದಿಸುತ್ತದಾ ಅನ್ನುವುದು ಮುಖ್ಯ. ಅಂಗಡಿಯವರನ್ನೇ ಕೇಳಿ, ಕಾಲು ಸುತ್ತು ತಿರುಗಿಸಿ ತೋರಿಸಲಿ.

ಮುಂದೆ ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ನಿಧಾನವಾಗಿ ಒಂದೊಂದೇ ನುಡಿಸಿ. ಬೇಸರದ ಕೆಲಸ, ಆದರೆ ಬಿಡಬೇಡಿ. ಎಲ್ಲಾ ಕಡೆ ಸಮನಾಗಿ ಬಝ್ (ತಂತಿ ಫ್ರೆಟ್ಟಿಗೆ ತಾಗಿ ಬರುವ ಸದ್ದು) ಬಂದರೆ ಅದು ಸೆಟಪ್‌ನ, ಅಂದರೆ ನೆಕ್ಕಿನ ಬಾಗು, ತಂತಿಯ ಎತ್ತರ ಹೊಂದಿಸುವ ವಿಷಯ. ಒಂದೇ ಒಂದು ಫ್ರೆಟ್ಟಿನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ಟು ಎದ್ದಿರುವ ಸಾಧ್ಯತೆ ಜಾಸ್ತಿ. ಜಿ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ಟಿನ ತನಕ ಇನ್ನೂ ಗಮನ ಇಟ್ಟು ಕೇಳಿ. ಬೋಲ್ಟ್ ಹಾಕಿದ ಉದ್ದನೆಯ ನೆಕ್ಕುಗಳಲ್ಲಿ ಅಲ್ಲಿ ಒಂದು ಸ್ವರ ಬೇಗ ಸಾಯುವುದುಂಟು. ತಂತಿಯ ಕಂಪನವನ್ನು ನೆಕ್ಕೇ ನುಂಗಿಬಿಡುತ್ತದೆ. ದುಬಾರಿ ಬೇಸ್‌ಗಳಲ್ಲೂ ಇದು ಇರುತ್ತದೆ, ಪೂರ್ತಿ ಇಲ್ಲದ್ದು ಸಿಗುವುದು ಕಷ್ಟ. ಆದರೆ ಎಷ್ಟು ಬೇಗ ಸಾಯುತ್ತದೆ ಅನ್ನುವುದರಲ್ಲಿ ಒಂದಕ್ಕೂ ಇನ್ನೊಂದಕ್ಕೂ ತುಂಬಾ ವ್ಯತ್ಯಾಸ. ಬೇರೆ ಕಂಪನಿಯ ಒಂದು ಬೇಸ್ ನೋಡಲು ಬಹಳ ಚಂದವಿತ್ತು, ಬಣ್ಣ ನೋಡಿಯೇ ತಗೊಂಡುಬಿಡೋಣ ಅನ್ನಿಸುವ ಹಾಗೆ. ಅದರ ಆರನೇ ಫ್ರೆಟ್ಟಿನ ಸ್ವರ ಹುಟ್ಟಿದ ಕೂಡಲೇ ಆರಿಹೋಗುತ್ತಿತ್ತು. ಪಕ್ಕದಲ್ಲಿದ್ದ ಅದೇ ಮಾಡೆಲ್ಲಿನ ಇನ್ನೊಂದರಲ್ಲಿ ಆ ತೊಂದರೆ ಹೆಚ್ಚುಕಡಿಮೆ ಇರಲೇ ಇಲ್ಲ. ಇಂಥದ್ದು ಯಾವ ಬ್ರೋಷರಿನಲ್ಲಿ ಸಿಗುತ್ತದೆ ಹೇಳಿ?

ನೆಕ್ಕಿನ ಎರಡೂ ಅಂಚಿಗೆ ಬೆರಳು ಸವರಿ, ಫ್ರೆಟ್ಟಿನ ತುದಿ ಚುಚ್ಚುತ್ತದಾ ನೋಡಿ. ಮರ ಒಣಗಿ ಕುಗ್ಗಿದಾಗ ಲೋಹದ ತುದಿ ಹೊರಗೆ ಬರುತ್ತದೆ. ಅರದಿಂದ ಉಜ್ಜಿ ಸರಿ ಮಾಡಬಹುದು, ಹಾಗಾಗಿ ಇದೊಂದೇ ಕಾರಣಕ್ಕೆ ನಾನು ಬೇಡ ಅನ್ನುವುದಿಲ್ಲ. ತೂಕ ಮಾತ್ರ ಬಿಡಬೇಡಿ. ಪಟ್ಟಿ ಹಾಕಿಕೊಂಡು ನಿಂತು ನುಡಿಸಿ, ಎರಡೂ ಕೈ ಬಿಡಿ. ಹೆಡ್‌ಸ್ಟಾಕ್ ನೆಲದ ಕಡೆ ಜಾರಿದರೆ ಎಡಗೈ ಯಾವಾಗಲೂ ನೆಕ್ಕನ್ನು ಎತ್ತಿ ಹಿಡಿದೇ ನುಡಿಸಬೇಕಾಗುತ್ತದೆ. ನಾಲ್ಕು ಕೆಜಿಯ ಆಸುಪಾಸು ಇದ್ದರೆ ನನ್ನ ಭುಜ ಒಪ್ಪುತ್ತದೆ, ನಾಲ್ಕೂವರೆ ದಾಟಿದರೆ ಎಷ್ಟು ಚೆನ್ನಾಗಿದ್ದರೂ ಬೇಡ ಅಂತ ಮೊದಲೇ ನಿರ್ಧರಿಸಿದ್ದೆ. ಸಾಮಾನು ತೂಗುವ ಕೈತಕ್ಕಡಿ ಒಯ್ದಿದ್ದೆ, ಅದರಿಂದ ತುಂಬಾ ಉಪಯೋಗವಾಯಿತು.

ಕೊನೆಗೆ ಆಂಪ್‌ಗೆ ಜೋಡಿಸುವುದು. ಮೊದಲು ಬೇಸ್ (ತಗ್ಗಿನ ದನಿ), ಟ್ರೆಬಲ್ (ಚೂಪು ದನಿ) ನಾಬ್ ಏನೂ ಏರಿಸದೆ ಕೇಳಿ. ಸ್ಯಾಡೌಸ್ಕಿ ಪ್ರಿಆಂಪ್‌ನಲ್ಲಿ ಏರಿಸುವುದು ಮಾತ್ರ ಇದೆ, ಇಳಿಸುವುದಿಲ್ಲ. ಬೇಸ್ 40 ಹರ್ಟ್ಸ್ ಸುತ್ತ, ಟ್ರೆಬಲ್ 4 ಕಿಲೋಹರ್ಟ್ಸ್ ಸುತ್ತ. ಇ ತಂತಿಯ ಸ್ವರವೇ ಸುಮಾರು 41 ಹರ್ಟ್ಸ್, ಹಾಗಾಗಿ ಬೇಸ್ ನಾಬ್ ಸ್ವಲ್ಪ ತಿರುಗಿಸಿದರೂ ನೆಲ ನಡುಗುತ್ತದೆ, ಮಧ್ಯದ ದನಿ ಕದಡುವುದಿಲ್ಲ. ನಾಬ್ ತಿರುಗಿಸುವಾಗ ಕರಕರ ಸದ್ದು ಬರುತ್ತದಾ, ಕೇಬಲ್ ಚುಚ್ಚುವ ಜಾಗ ಸಡಿಲ ಇದೆಯಾ ಅಂತಲೂ ನೋಡಿ. ಇನ್ನೊಂದು ಮಾತು. ಮಾಮೂಲಿ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಜಾಝ್ ಪಿಕಪ್‌ಗಳಲ್ಲಿ ಎರಡೂ ವಾಲ್ಯೂಮ್ ಪೂರ್ತಿ ಇದ್ದಾಗ ಗುಂಯ್ ಸದ್ದು ಇರುವುದಿಲ್ಲ, ಒಂದನ್ನು ಇಳಿಸಿದರೆ ಬರುತ್ತದೆ. ಅದು ದೋಷ ಅಲ್ಲ, ಆ ಪಿಕಪ್ಪಿನ ಸ್ವಭಾವವೇ ಹಾಗೆ.

ಪಿಕಪ್, ಪ್ರಿಆಂಪ್, ಟ್ಯೂನರ್, ಬ್ರಿಡ್ಜ್ ಎಲ್ಲವನ್ನೂ ಮುಂದೆ ಯಾವಾಗ ಬೇಕಾದರೂ ಬದಲಾಯಿಸಬಹುದು. ನೆಕ್ ಬದಲಾಯಿಸಿದರೆ ಅದು ಬೇರೆಯೇ ಬೇಸ್. ಅದಕ್ಕೇ ಎರಡರ ನಡುವೆ ಮನಸ್ಸು ಡೋಲಾಯಮಾನ ಆದಾಗ ನಾನು ದನಿ ಸ್ವಲ್ಪ ಸಪ್ಪೆ ಇದ್ದರೂ ನೆಕ್ ಚೆನ್ನಾಗಿರುವುದನ್ನೇ ಆರಿಸಿದೆ. ಹೊಸ ತಂತಿ ಹಾಕಿದ ಮೇಲೆ ಆ ಸಪ್ಪೆ ಪೂರ್ತಿ ಹೋಯಿತು, ಅಂಗಡಿಯಲ್ಲಿ ತೂಗುಹಾಕಿದ ಬೇಸ್‌ನ ತಂತಿ ಹಳೆಯದಾಗಿರುವುದೇ ಜಾಸ್ತಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಾರದಿತ್ತಾ ಅಂತ ಕೇಳುವವರಿದ್ದಾರೆ. ಖಂಡಿತ ತಗೊಳ್ಳಬಹುದು. ಒಂದು ಮೆಟ್ಟಿಲು ಮೇಲಿನ ಸೀರೀಸ್ ಹಳೆಯದು ಸಿಕ್ಕರೆ, ಫ್ರೆಟ್ಟು ಸವೆದಿಲ್ಲದಿದ್ದರೆ, ಟ್ರಸ್ ರಾಡ್ ಎರಡೂ ಕಡೆ ತಿರುಗಿದರೆ ಹೊಸದಕ್ಕಿಂತ ಅದೇ ಮೇಲು. ಕಣ್ಣಾರೆ ನೋಡದೆ, ಬರೀ ಫೋಟೋ ನಂಬಿ ಮಾತ್ರ ಬೇಡ. ನನಗೆ ಬೇಕಾದ ತೂಕದ್ದು, ಬೇಕಾದ ಹೊತ್ತಿಗೆ ಸಿಗಲಿಲ್ಲ, ಅದಕ್ಕೆ ಹೊಸದನ್ನೇ ಕೊಂಡೆ.

ತಂದ ಮೇಲೆ ತಕ್ಷಣ ಸೆಟಪ್‌ಗೆ ಕೈ ಹಾಕಲಿಲ್ಲ. ಮನೆಯ ಹವೆಗೆ ಮರ ಹೊಂದಿಕೊಳ್ಳಲಿ ಅಂತ ಕೆಲವು ದಿನ ಬಿಟ್ಟೆ. ಆಮೇಲೆ 45ರಿಂದ 105ರ (ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ) ಹೊಸ ತಂತಿ ಹಾಕಿ, ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟೆ. ನಾಲ್ಕು ತಂತಿ ಸೇರಿ ನೆಕ್ಕನ್ನು ಹೆಚ್ಚುಕಡಿಮೆ 75-80 ಕೆಜಿ ಬಲದಲ್ಲಿ ಎಳೆಯುತ್ತವೆ, ಅದು ನೆಲೆ ನಿಲ್ಲುವ ತನಕ ಮಾಡಿದ ಅಳತೆ ಸುಮ್ನೆ ವ್ಯರ್ಥ. ಮೊದಲು ಟ್ರಸ್ ರಾಡ್, ಆಮೇಲೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಎತ್ತರ, ಕೊನೆಗೆ ಇಂಟೊನೇಷನ್, ಅಂದರೆ ನೆಕ್ಕಿನುದ್ದಕ್ಕೂ ಸ್ವರ ಸರಿಯಾದ ಶ್ರುತಿಯಲ್ಲಿ ಬರುವ ಹಾಗೆ ಹೊಂದಿಸುವುದು. ಈ ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕು. ರಾಡನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಹನ್ನೆರಡನೇ ಫ್ರೆಟ್ಟಿನ ಮೇಲೆ ಇ ತಂತಿ ಸುಮಾರು 2.3 ಮಿಲಿಮೀಟರ್, ಜಿ ತಂತಿ 1.8 ಇಟ್ಟೆ. ನನ್ನ ಬೆರಳಿನ ಪೆಟ್ಟು ಸ್ವಲ್ಪ ಜೋರು, ಹಗುರವಾಗಿ ನುಡಿಸುವವರು ಇನ್ನೂ ಕೆಳಗೆ ತರಬಹುದು. ಇಂಟೊನೇಷನ್‌ಗೆ ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ (ತಂತಿಯನ್ನು ಒತ್ತದೆ ಬರೀ ಮುಟ್ಟಿ ನುಡಿಸಿದ ಸ್ವರ), ಅಲ್ಲೇ ಒತ್ತಿ ಹಿಡಿದ ಸ್ವರವನ್ನೂ ಟ್ಯೂನರ್ ಆ್ಯಪ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಬೇರೆ ಏನನ್ನೂ ಬದಲಾಯಿಸಿಲ್ಲ. ಪಿಕಪ್ ಎತ್ತರ ಮಾತ್ರ ದಪ್ಪ ತಂತಿಯ ಕಡೆ ಸ್ವಲ್ಪ ಇಳಿಸಿದೆ, ತುಂಬಾ ಹತ್ತಿರ ಇದ್ದರೆ ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ಅಲುಗಾಡುತ್ತದೆ. ಅಗಲವಾದ ಚರ್ಮದ ಪಟ್ಟಿ ಕೊಂಡೆ, ಭುಜಕ್ಕೆ ಅದರಿಂದ ಆದ ಸುಖ ಯಾವ ಪಿಕಪ್ಪಿನಿಂದಲೂ ಆಗುತ್ತಿರಲಿಲ್ಲ. ಆಕ್ಟಿವ್ ಬೇಸ್ ಮೊದಲ ಸಲ ತಗೊಳ್ಳುವವರು ಒಂದು ನೆನಪಿಡಿ: ಕೇಬಲ್ ಚುಚ್ಚಿದ್ದಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ನುಡಿಸಿದರೂ, ನುಡಿಸದಿದ್ದರೂ. ನುಡಿಸಿ ಮುಗಿದ ಕೂಡಲೇ ಕೇಬಲ್ ತೆಗೆಯಿರಿ, ಕೇಸಿನಲ್ಲಿ ಒಂದು ಹೊಸ ಬ್ಯಾಟರಿ ಇಟ್ಟಿರಿ.